ಐದು ಚಳಿಗಾಲ ಕಂಡ ಹೀಟಿಂಗ್ ಕೇಬಲ್: ಕೆಲಸಕ್ಕೆ ಸೈ, ಕೆಟ್ಟರೆ ಮಾತ್ರ ಬಾಯಿ ಬಿಡದು

ಚಳಿಗಾಲದಲ್ಲಿ ಪೈಪಿನೊಳಗಿನ ನೀರು ಹೆಪ್ಪುಗಟ್ಟದಂತೆ ಬೆಚ್ಚಗಿಡುವ ಈ ವಿದ್ಯುತ್ ಕೇಬಲ್‌ನ ಪ್ಲಗ್ಗಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಕೆಂಪು ದೀಪವೊಂದಿದೆ. ನಾನು ಬರೆಯಲು ಕುಳಿತದ್ದೇ ಆ ದೀಪದ ಕಾರಣಕ್ಕೆ. ಕೇಬಲ್ ಒಳ್ಳೆಯದು, ಕೊಳ್ಳಿ ಎಂದೇ ಹೇಳುತ್ತೇನೆ. ದೀಪವನ್ನು ಮಾತ್ರ ನಂಬಬೇಡಿ.

ಅಳತೆ, ಬಣ್ಣ, ವೋಲ್ಟೇಜ್ ಎಲ್ಲವೂ ಡಬ್ಬಿಯ ಮೇಲೇ ಇರುತ್ತವೆ, ಅವನ್ನು ಇಲ್ಲಿ ತುಂಬುವುದಿಲ್ಲ. ನನ್ನದು ಆರು ಮೀಟರಿನದು, ಚಳಿಗೆ ತಕ್ಕಂತೆ ಶಾಖವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಬಗೆಯದು. ಅಡುಗೆಮನೆಗೆ ನೀರು ತರುವ ತಾಮ್ರದ ಪೈಪಿಗೆ ಅದನ್ನು ಕಟ್ಟಿದ್ದೇನೆ. ಮನೆಯ ನೆಲದಡಿ ತೆವಳಿಕೊಂಡು ಹೋಗುವಷ್ಟೇ ಎತ್ತರದ ಜಾಗವಿದೆ. ಪೈಪು ಆ ಕತ್ತಲೆಯಲ್ಲಿ ಹೊರಗೋಡೆಯ ಪಕ್ಕದಲ್ಲೇ ಸಾಗಿ, ಗಾಳಿಕಿಂಡಿಯ ಬಳಿ ಮೂಲೆ ತಿರುಗಿ ಮೇಲೇರುತ್ತದೆ. ನಮ್ಮ ಕಷ್ಟವೆಲ್ಲ ಹುಟ್ಟಿದ್ದು ಆ ಮೂಲೆಯಲ್ಲಿ.

ಕೇಬಲ್ ಕೊಳ್ಳುವ ಹಿಂದಿನ ವರ್ಷ ಆ ಪೈಪು ಒಡೆದಿತ್ತು. ಒಡೆದ ಜಾಗ ನೋಡಿ ನನಗೆ ಅಚ್ಚರಿಯಾಗಿತ್ತು. ಮಂಜುಗಡ್ಡೆ ಕಟ್ಟಿದ್ದು ಮೂಲೆಯಲ್ಲಿ, ತಾಮ್ರ ಸೀಳಿದ್ದು ಅಲ್ಲಿಂದ ಒಂದೂವರೆ ಮೀಟರ್ ಆಚೆ, ನಲ್ಲಿಯ ಕಡೆಗೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಬಹಳ ಸಲ ಪೈಪನ್ನು ಸೀಳುವುದು ಗಡ್ಡೆಯ ಹಿಗ್ಗುವಿಕೆ ನೇರವಾಗಿ ಅಲ್ಲ. ಗಡ್ಡೆ ಬೆಳೆಯುತ್ತ ಬೆಳೆಯುತ್ತ ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಒತ್ತುತ್ತದೆ. ಆ ನೀರಿಗೆ ಹೋಗಲು ದಾರಿಯಿಲ್ಲ, ಒತ್ತಡ ಏರುತ್ತ ಹೋಗಿ ಪೈಪಿನ ಬಲಹೀನ ಜಾಗ ಬಾಯ್ದೆರೆಯುತ್ತದೆ. ನಮ್ಮದು ಉದ್ದಕ್ಕೆ ಸೀಳಿ, ಮೀನಿನ ಬಾಯಿಯಂತೆ ಅಂಚು ಹೊರಚಾಚಿಕೊಂಡಿತ್ತು. ಗಡ್ಡೆಯಿದ್ದಷ್ಟು ಹೊತ್ತು ಒಂದು ಹನಿಯೂ ಸೋರಲಿಲ್ಲ. ಮಧ್ಯಾಹ್ನ ಬಿಸಿಲು ಬಂದು, ಚಳಿ ಸ್ವಲ್ಪ ಸಡಿಲಿತು ಎಂದು ಎಲ್ಲರೂ ನೆಮ್ಮದಿಯಾಗಿ ಕುಳಿತಿದ್ದಾಗ ನೆಲದಡಿಯಿಂದ ನೀರಿನ ಸದ್ದು ಕೇಳಿತು.

ಪೈಪು ರಿಪೇರಿಯಾದ ಮೇಲೆ ಆ ಚಳಿಗಾಲ ಮುಗಿಯುವವರೆಗೂ ರಾತ್ರಿ ನಲ್ಲಿಯನ್ನು ನೂಲಿನೆಳೆಯಷ್ಟು ಬಿಟ್ಟು ಮಲಗುತ್ತಿದ್ದೆವು. ಹಾಗೆ ಬಿಟ್ಟರೆ ನೀರು ಚಲಿಸುತ್ತಿರುತ್ತದೆ, ಅದಕ್ಕಿಂತ ಮುಖ್ಯವಾಗಿ ಒತ್ತಡಕ್ಕೊಂದು ದಾರಿ ಸಿಗುತ್ತದೆ. ಉಪಾಯ ಸರಿಯಾದದ್ದೇ. ಆದರೆ ಅಮ್ಮನಿಗೆ ಸೋರುವ ನಲ್ಲಿಯ ಸದ್ದು ಕೇಳಿಸಿಕೊಂಡು ಮಲಗಿರಲು ಸಾಧ್ಯವೇ ಇಲ್ಲ. ಜೀವಮಾನವೆಲ್ಲ ನೀರನ್ನು ತುಂಬಿಟ್ಟು, ಅಳೆದು ಬಳಸಿದವರು ಅವರು. ಎರಡು ಸಲ ನಡುರಾತ್ರಿ ಎದ್ದು ಹೋಗಿ, ನಾವೇ ಮರೆತಿದ್ದೇವೆಂದು ತಿಳಿದು, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದಿದ್ದರು. ಎರಡನೆಯ ಸಲ ಬೆಳಗ್ಗೆ ಅದು ಗೊತ್ತಾದಾಗ ನನ್ನ ಎದೆ ಝಲ್ಲೆಂದಿತು. ಅವರನ್ನು ಬೈಯುವಂತಿಲ್ಲ, ಅವರ ಅಭ್ಯಾಸವನ್ನು ಈ ವಯಸ್ಸಿನಲ್ಲಿ ಬಿಡಿಸುವಂತೆಯೂ ಇಲ್ಲ. ನಾನು ಕೇಬಲ್ ಹುಡುಕಲು ಹೊರಟದ್ದು ಆ ಬೆಳಗ್ಗೆ.

ನಮ್ಮದು ಲೆಕ್ಕ ಹಾಕಿ ಖರ್ಚು ಮಾಡುವ ಮನೆ. ಪೈಪನ್ನು ಒಳಗೋಡೆಗೆ ಸರಿಸುವುದೇ ಶಾಶ್ವತ ಪರಿಹಾರ ಎಂದು ಪ್ಲಂಬರ್ ಹೇಳಿದ್ದರು. ಅವರ ಮಾತು ನಿಜ. ಆದರೆ ಅದಕ್ಕೆ ನೆಲ ಕೀಳಬೇಕಿತ್ತು, ಗೋಡೆ ಒಡೆಯಬೇಕಿತ್ತು. ಫೋಮ್ ಹೊದಿಕೆಯನ್ನಷ್ಟೇ ಹಾಕಿ ಸುಮ್ಮನಿರಬಹುದೇ ಎಂದೂ ಕೇಳಿದ್ದೆ. ಹೊದಿಕೆ ತಾನಾಗಿ ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖ ಸೋರಿಹೋಗುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ರಾತ್ರಿಯಿಡೀ ನಿಂತ ನೀರು ಹೊದಿಕೆಯೊಳಗೂ ಕೊನೆಗೆ ಹೆಪ್ಪುಗಟ್ಟುತ್ತದೆ.

ಕಟ್ಟುವ ಕೆಲಸಕ್ಕೆ ಒಂದು ಇಡೀ ಭಾನುವಾರ ಬೇಕಾಯಿತು. ಅಂಗಾತ ಮಲಗಿ, ಹಣೆಗೆ ದೀಪ ಕಟ್ಟಿಕೊಂಡು, ಮೊದಲು ಪೈಪನ್ನು ಒಣಬಟ್ಟೆಯಿಂದ ಒರೆಸಿದೆ. ಕೇಬಲ್ಲನ್ನು ಪೈಪಿಗೆ ಬಳ್ಳಿಯಂತೆ ಸುತ್ತುವ ಅಗತ್ಯವಿರಲಿಲ್ಲ. ಪೈಪಿನ ಕೆಳಬದಿಗೆ ನೇರವಾಗಿ ಹಿಡಿದು, ಗೇಣಿಗೊಂದರಂತೆ ಅವರೇ ಕೊಟ್ಟ ಟೇಪು ಸುತ್ತುತ್ತ ಹೋದೆ. ಮೇಲೆ ಫೋಮ್ ಹೊದಿಕೆ ತೊಡಿಸಿ ಸೀಳನ್ನು ಕೆಳಮುಖ ಮಾಡಿದೆ. ನಿಮ್ಮದು ಪ್ಲಾಸ್ಟಿಕ್ ಪೈಪಾದರೆ ಕೇಬಲ್ಲಿನ ಉದ್ದಕ್ಕೂ ಅಲ್ಯೂಮಿನಿಯಂ ಟೇಪು ಹಾಕಿ. ಪ್ಲಾಸ್ಟಿಕ್ ತಾಮ್ರದಂತೆ ಶಾಖವನ್ನು ಹರಡುವುದಿಲ್ಲ. ಹೀಗೆ ಪ್ಲಗ್ಗಿನೊಂದಿಗೆ ಸಿದ್ಧವಾಗಿ ಬರುವ ಕೇಬಲ್ಲನ್ನು ಕತ್ತರಿಸಬಾರದು, ಪೈಪಿನ ಉದ್ದ ಅಳೆದೇ ಕೊಳ್ಳಬೇಕು.

ಇದರ ಒಳಗಿನ ಜಾಣತನ ನನಗೆ ಇಂದಿಗೂ ಮೆಚ್ಚುಗೆ. ಎರಡು ತಾಮ್ರದ ತಂತಿಗಳು ಉದ್ದಕ್ಕೂ ಜೊತೆಯಾಗಿ ಓಡುತ್ತವೆ. ನಡುವೆ ಇಂಗಾಲದ ಕಣ ಬೆರೆಸಿದ ಪ್ಲಾಸ್ಟಿಕ್ ಇದೆ. ಚಳಿಗೆ ಅದು ಕುಗ್ಗಿದಾಗ ಕಣಗಳು ಒಂದಕ್ಕೊಂದು ತಾಗಿ ಹೆಚ್ಚು ವಿದ್ಯುತ್ ಹರಿಯುತ್ತದೆ, ಶಾಖ ಏರುತ್ತದೆ. ಬೆಚ್ಚಗಾದಾಗ ಹಿಗ್ಗಿ ಕಣಗಳು ದೂರವಾಗುತ್ತವೆ, ಶಾಖ ಇಳಿಯುತ್ತದೆ. ಇದು ಉದ್ದಕ್ಕೂ ಜಾಗದಿಂದ ಜಾಗಕ್ಕೆ ಬೇರೆ ಬೇರೆಯಾಗಿ ನಡೆಯುತ್ತದೆ. ಗಾಳಿಕಿಂಡಿಯ ಮೂಲೆಯಲ್ಲಿ ಹೆಚ್ಚು ದುಡಿದು, ನೀರು ಕಾಯಿಸುವ ಬಾಯ್ಲರಿನ ಪಕ್ಕದಲ್ಲಿ ಸುಮ್ಮನಿರುತ್ತದೆ. ಮುಟ್ಟಿದರೆ ಸುಡುವುದಿಲ್ಲ. ಆಗಷ್ಟೇ ಯಾರೋ ಎದ್ದು ಹೋದ ಕುರ್ಚಿಯಷ್ಟು ಬೆಚ್ಚಗಿರುತ್ತದೆ. ಮೀಟರಿಗೆ 16 ವಾಟ್ ಎಂದು ನನ್ನದರ ಮೇಲಿದೆ, ಆರು ಮೀಟರಿಗೆ 96. ದಿನವಿಡೀ ಪೂರ್ತಿ ಬಲದಲ್ಲಿ ಉರಿದರೂ ಎರಡೂಕಾಲು ಯೂನಿಟ್ಟಿನ ಆಸುಪಾಸು. ಚಳಿ ಹೆಚ್ಚಿದಾಗ ಮಾತ್ರ ಕೇಬಲ್ಲನ್ನು ಚಾಲೂ ಮಾಡುವ ಥರ್ಮೊಸ್ಟಾಟ್ ಇರುವುದರಿಂದ ಅಷ್ಟೂ ಆಗುವುದಿಲ್ಲ.

ಮೊದಲ ಚಳಿಗಾಲದ ಮೊದಲ ಕಡು ಚಳಿಯ ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ ಮಲಗಿದೆವು. ಮನೆಯಲ್ಲಿ ಒಂದು ಹನಿಯ ಸದ್ದಿಲ್ಲ. ನಡುವೆ ಒಮ್ಮೆ ಎಚ್ಚರವಾಗಿ ಕಿವಿಗೊಟ್ಟೆ. ಪಕ್ಕದ ಕೋಣೆಯಿಂದ ಅಮ್ಮನ ಗಾಢ ನಿದ್ದೆಯ ಉಸಿರು ಕೇಳುತ್ತಿತ್ತು. ಈ ಕೇಬಲ್ ನನಗೆ ಕೊಟ್ಟ ದೊಡ್ಡ ಸುಖ ಅದು, ಡಬ್ಬಿಯ ಮೇಲೆ ಅದನ್ನು ಯಾರೂ ಬರೆದಿರಲಿಲ್ಲ. ಎರಡು ಚಳಿಗಾಲ ಹೀಗೇ ಕಳೆದವು. ಆಗ ಈ ವಿಮರ್ಶೆ ಬರೆದಿದ್ದರೆ ಬರೀ ಹೊಗಳಿಕೆಯಾಗಿರುತ್ತಿತ್ತು.

ಮೂರನೆಯ ಚಳಿಗಾಲದ ಒಂದು ಬೆಳಗ್ಗೆ ಅಮ್ಮ ಬಾಗಿಲಲ್ಲಿ ನಿಂತು, "ಏಳಪ್ಪ, ಅಡುಗೆಮನೆಯಲ್ಲಿ ನೀರು ಬರುತ್ತಿಲ್ಲ" ಎಂದರು. ನೆಲದಡಿಗೆ ಇಳಿದು ನೋಡಿದರೆ ಕೆಂಪು ದೀಪ ಉರಿಯುತ್ತಿದೆ. ಅದನ್ನು ನಂಬಿ ಬೇರೆ ಕಡೆ ಹುಡುಕುತ್ತ ಅರ್ಧ ಗಂಟೆ ಕಳೆದೆ. ಕೊನೆಗೆ ಹೊದಿಕೆಯೊಳಗೆ ಬೆರಳು ತೂರಿಸಿದಾಗ ಕೇಬಲ್ ಕಲ್ಲಿನಂತೆ ತಣ್ಣಗಿತ್ತು.

ಆಗ ತಿಳಿದದ್ದು ಇಷ್ಟು. ಆ ದೀಪ ಹೇಳುವುದು ಪ್ಲಗ್ಗಿಗೆ ವಿದ್ಯುತ್ ಬಂದಿದೆ ಎಂಬುದನ್ನು ಮಾತ್ರ. ಕೇಬಲ್ ಬಿಸಿಯಾಗುತ್ತಿದೆಯೇ, ಥರ್ಮೊಸ್ಟಾಟ್ ಆನ್ ಆಗಿದೆಯೇ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ಥರ್ಮೊಸ್ಟಾಟಿನ ಸಂವೇದಕವನ್ನು ಕೂರಿಸಿರುವುದು ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿ. ಸುಮಾರು 3 ಡಿಗ್ರಿಗೆ ಇಳಿದಾಗ ಅದು ಕೇಬಲ್ಲನ್ನು ಚಾಲೂ ಮಾಡಬೇಕು. ನಮ್ಮಲ್ಲಿ ಸಾಕೆಟ್ ಇದ್ದದ್ದು ಬಾಯ್ಲರಿನ ಬದಿಗೆ. ಆ ವರ್ಷ ಬಾಯ್ಲರ್ ಬದಲಿಸಿದ್ದೆವು, ಹೊಸದು ಹಳೆಯದಕ್ಕಿಂತ ಸಾಕೆಟ್ಟಿಗೆ ಹತ್ತಿರ ಕುಳಿತಿತ್ತು. ಸಂವೇದಕ ಆ ಬೆಚ್ಚನೆಯ ಗಾಳಿಯಲ್ಲಿ ಚಳಿಯೇ ಇಲ್ಲವೆಂದುಕೊಂಡು ಕುಳಿತಿದ್ದಾಗ, ಐದು ಮೀಟರ್ ಆಚೆಯ ಮೂಲೆಯಲ್ಲಿ ನೀರು ಗಡ್ಡೆ ಕಟ್ಟುತ್ತಿತ್ತು.

ಸಂವೇದಕವು ಪೈಪಿನ ಅತಿ ತಂಪಾದ ಭಾಗದಲ್ಲಿರಬೇಕು ಎಂದು ಕೈಪಿಡಿಯಲ್ಲಿ ಒಂದು ಸಾಲಿದೆ, ಅದನ್ನು ನಾನು ಓದಿದ್ದೆ. ಆದರೆ ಅದನ್ನು ಪ್ಲಗ್ಗಿನ ಪಕ್ಕಕ್ಕೇ ಅಂಟಿಸಿ ಮಾರುವವರು, ಹೆಚ್ಚಿನ ಮನೆಗಳಲ್ಲಿ ಸಾಕೆಟ್ ಇರುವುದು ಬೆಚ್ಚಗಿನ ಕಡೆಯೇ ಎಂಬುದನ್ನು ಯೋಚಿಸಬೇಕಿತ್ತು. ಸಹಾಯವಾಣಿಗೆ ಫೋನ್ ಮಾಡಿದಾಗ, "ದೀಪ ಉರಿಯುತ್ತಿದೆಯಲ್ಲ ಸಾರ್, ಹಾಗಾದರೆ ಸರಿಯಿದೆ" ಎಂಬ ಉತ್ತರ ಬಂತು. ನನ್ನ ಮುಂದೆ ಪೈಪು ಗಡ್ಡೆ ಕಟ್ಟಿ ನಿಂತಿತ್ತು. ಆ ಮಾತು ತರಿಸಿದ ಕೋಪ ಈಗಲೂ ಪೂರ್ತಿ ಇಳಿದಿಲ್ಲ.

ಅಂದು ಪೈಪು ಒಡೆಯಲಿಲ್ಲ. ಮೊದಲು ನಲ್ಲಿ ತೆರೆದಿಟ್ಟೆ. ಕೂದಲು ಒಣಗಿಸುವ ಯಂತ್ರ ಹಿಡಿದು ನಲ್ಲಿಯ ಕಡೆಯಿಂದ ಶುರುಮಾಡಿ ಗಡ್ಡೆಯತ್ತ ಅಂಗುಲ ಅಂಗುಲವಾಗಿ ಸರಿದೆ. ನಡುವಿನಿಂದ ಶುರುಮಾಡಿದರೆ ಕರಗಿದ ನೀರಿಗೂ ಹಬೆಗೂ ಹೊರಬರಲು ದಾರಿಯಿರುವುದಿಲ್ಲ. ಬೆಂಕಿಯ ಜ್ವಾಲೆಯನ್ನು ಮಾತ್ರ ಎಂದಿಗೂ ಹತ್ತಿರ ತರಬೇಡಿ, ಮನೆಗೇ ಬೆಂಕಿ ಹತ್ತಿದ ಉದಾಹರಣೆಗಳಿವೆ. ಮುಕ್ಕಾಲು ಗಂಟೆಯ ನಂತರ ಮೇಲಿನಿಂದ ಅಮ್ಮ "ಬಂತು, ಬಂತು" ಎಂದು ಕೂಗಿದರು.

ಮರುವರ್ಷ ದೀಪದ ಇನ್ನೊಂದು ಮುಖ ಕಂಡಿತು. ಕೇಬಲ್ಲಿನ ಕೊನೆಯ ರಬ್ಬರ್ ಟೋಪಿಯೊಳಗೆ ತೇವ ಸೇರಿ, ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ ತಾನಾಗಿ ಬಿದ್ದು ವಿದ್ಯುತ್ ಕಡಿಯಿತು. ಅದು ಬಿದ್ದದ್ದು ಸರಿಯೇ. ಒದ್ದೆ ಜಾಗದಲ್ಲಿ ಲೋಹದ ಪೈಪಿಗೆ ಕಟ್ಟಿದ ವಿದ್ಯುತ್ ತಂತಿಯಿದು, ಸೋರುವ ವಿದ್ಯುತ್ತನ್ನು ಗುರುತಿಸಿ ಕಡಿದುಹಾಕುವ ಆ ಸ್ವಿಚ್ ಇಲ್ಲದ ಮನೆಯಲ್ಲಿ ಇದನ್ನು ಹಾಕಲೇಬಾರದು. ದೀಪವೂ ಈ ಸಲ ಪ್ರಾಮಾಣಿಕವಾಗಿ ಆರಿತ್ತು. ಆದರೆ ಅದು ಆರಿದ್ದು ಯಾರೂ ಇಳಿಯದ ಕತ್ತಲೆಯಲ್ಲಿ. ಎರಡು ದಿನ ನಮಗೆ ಗೊತ್ತೇ ಆಗಲಿಲ್ಲ. ಆ ಎರಡು ದಿನ ಚಳಿ ಮೃದುವಾಗಿತ್ತು, ಹಾಗಾಗಿ ಉಳಿದುಕೊಂಡೆವು.

ಕಿತ್ತೆಸೆದುಬಿಡೋಣ ಎನ್ನಿಸಿತ್ತು. ಮನಸ್ಸು ತಣ್ಣಗಾದ ಮೇಲೆ ಯೋಚಿಸಿದೆ. ಬಿಸಿ ಮಾಡುವ ಕೆಲಸದಲ್ಲಿ ಕೇಬಲ್ ಒಮ್ಮೆಯೂ ಸೋತಿರಲಿಲ್ಲ. ಸೋತದ್ದು ಅದಕ್ಕೆ ಚಳಿ ತಿಳಿಸುವ ಸಂವೇದಕ, ಅದರ ಸ್ಥಿತಿಯನ್ನು ನಮಗೆ ತಿಳಿಸುವ ದೀಪ. ಎರಡನ್ನೂ ಸರಿಪಡಿಸಬಹುದಿತ್ತು. ಎಲೆಕ್ಟ್ರಿಷಿಯನ್ ಕರೆಸಿ ತಂಪು ಮೂಲೆಯ ಬದಿಗೆ ಮುಚ್ಚಳವಿರುವ ಸಾಕೆಟ್ ಹಾಕಿಸಿ, ಟೋಪಿಯನ್ನೂ ಬದಲಿಸಿಕೊಂಡೆ. ಕೇಬಲ್ಲನ್ನು ಪೂರ್ತಿ ಬಿಚ್ಚಿ, ತುದಿ ಬುಡ ಅದಲು ಬದಲು ಮಾಡಿ ಮತ್ತೆ ಕಟ್ಟಿದೆ. ಈಗ ಸಂವೇದಕ ಚಳಿಯಲ್ಲೇ ಕುಳಿತಿದೆ.

ಅದೇ ದಿನ ಗಾಳಿಕಿಂಡಿಯ ಬಳಿ ಹಳೆಯ ಟೆಲಿಫೋನ್ ತಂತಿ ಒಳಬರುವ ತೂತೊಂದು ಕಣ್ಣಿಗೆ ಬಿತ್ತು. ಕೈ ಹಿಡಿದರೆ ಗಾಳಿ ಸೂಜಿಯಂತೆ ಚುಚ್ಚುತ್ತಿತ್ತು. ಹೊದಿಕೆಯಿಲ್ಲದ ಪೈಪುಗಳ ಬಗ್ಗೆ ಹೊರಗೆ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗಲೇ ಎಚ್ಚರವಾಗಬೇಕು ಎಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು ಹೇಳಿದ್ದಾರೆ. ಇಂಥ ತೂತಿನಿಂದ ಪೈಪಿನ ಮೇಲೆ ನೇರವಾಗಿ ಗಾಳಿ ಬೀಸುತ್ತಿದ್ದರೆ ಆ ಅಂಕಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಕೇಬಲ್ ಕೊಳ್ಳುವ ಮೊದಲು ಇಂಥ ತೂತು ಹುಡುಕಿ ಮುಚ್ಚಿ. ನಾನು ನಾಲ್ಕು ವರ್ಷ ತಡಮಾಡಿದೆ.

ಇನ್ನು ದೀಪದ ಬದಲಿಗೆ ಏನು? ಉದ್ದ ತಂತಿಯ ತುದಿಯಲ್ಲಿ ಲೋಹದ ಮೊಳೆಯಿರುವ ಸಾದಾ ಥರ್ಮಾಮೀಟರ್ ಒಂದನ್ನು ತಂದೆ. ಮೊಳೆಯನ್ನು ಮೂಲೆಯ ಪೈಪಿಗೆ, ಕೇಬಲ್ ತಾಗದ ಮೇಲ್ಬದಿಗೆ, ಹೊದಿಕೆಯೊಳಗೆ ಕಟ್ಟಿದೆ. ಅಂಕಿ ತೋರಿಸುವ ಪುಟ್ಟ ಪರದೆಯನ್ನು ಅಡುಗೆಮನೆಯ ಸ್ವಿಚ್ಚಿನ ಪಕ್ಕ ಅಮ್ಮನ ಕಣ್ಣೆತ್ತರಕ್ಕೆ ತೂಗುಹಾಕಿದೆ. ಮಲಗುವ ಮುನ್ನ ದೀಪ ಆರಿಸುವಾಗ ಅವರು ಕನ್ನಡಕವನ್ನು ಹಣೆಗೇರಿಸಿ, ಪರದೆಯ ಹತ್ತಿರ ಮುಖ ತಂದು ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಂದರೆ ನಲ್ಲಿ ಮುಚ್ಚಿ ಮಲಗುವುದು. ಎರಡಕ್ಕಿಂತ ಕೆಳಗೆ ಎಂದರೆ ಅವರೇ ನಲ್ಲಿಯನ್ನು ನೂಲೆಳೆಯಷ್ಟು ಬಿಟ್ಟು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದು, ನನ್ನನ್ನು ಎಬ್ಬಿಸುತ್ತಾರೆ. ಕಾರಣ ಕಣ್ಣಿಗೆ ಕಾಣುವುದರಿಂದ ಈಗ ಆ ಸದ್ದು ಅವರ ನಿದ್ದೆ ಕೆಡಿಸುವುದಿಲ್ಲ.

ಇನ್ನೊಂದು ಕೊರತೆಗೆ ಮಾತ್ರ ಮದ್ದಿಲ್ಲ. ವಿದ್ಯುತ್ ಹೋದರೆ ಕೇಬಲ್ ಸತ್ತ ಹಗ್ಗ. ಹಿಮಗಾಳಿಯ ರಾತ್ರಿಯೇ ವಿದ್ಯುತ್ ಹೋಗುವುದೂ ಹೆಚ್ಚು. ಬೇಗ ಬರುವ ಸೂಚನೆಯಿಲ್ಲದಿದ್ದರೆ ನಾವು ಮುಖ್ಯ ವಾಲ್ವ್ ಮುಚ್ಚಿ, ತಗ್ಗಿನ ನಲ್ಲಿಯಿಂದ ಪೈಪುಗಳನ್ನು ಬರಿದು ಮಾಡುತ್ತೇವೆ. ಮನೆಗೆ ಬೀಗ ಹಾಕಿ ವಾರಗಟ್ಟಲೆ ಹೋಗುವವರೂ ಹೀಗೆಯೇ ಮಾಡಲಿ, ಕೇಬಲ್ಲನ್ನು ಕಾವಲಿಗಿಟ್ಟು ಹೋಗಬೇಡಿ. ಅಂಗಳದ ನಲ್ಲಿಗೆ ಇದು ಬೇಕಿಲ್ಲ, ಚಳಿಗೆ ಮುಂಚೆ ಹೋಸ್ ಪೈಪು ಬಿಚ್ಚಿ ಒಳಗಿನ ವಾಲ್ವ್ ಮುಚ್ಚಿ ನೀರು ಖಾಲಿ ಮಾಡಿದರೆ ಸಾಕು.

ಒಡೆದ ಪೈಪಿನಿಂದ ಹಾಳಾದ ನೆಲಕ್ಕೆ ನಾವು ತೆತ್ತದ್ದರ ಮುಂದೆ ಕೇಬಲ್, ಸಾಕೆಟ್, ಥರ್ಮಾಮೀಟರ್ ಮೂರೂ ಸೇರಿದ ಖರ್ಚು ತೀರಾ ಸಣ್ಣದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹಿಡಿದಿಟ್ಟ ಒಂದು ಅಂಕ ಸಂವೇದಕದ ಜಾಗಕ್ಕೂ ಆ ದೀಪಕ್ಕೂ. ಈಗ ಕೊಳ್ಳುವವರು ಸಂವೇದಕ ಪ್ರತ್ಯೇಕ ಉದ್ದ ತಂತಿಯಲ್ಲಿ ಬರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ನಿನ್ನೆ ರಾತ್ರಿ ಹೊರಗೆ ಮೈನಸ್ 14 ಇತ್ತು. "ಐದು" ಎಂದರು ಅಮ್ಮ, ದೀಪ ಆರಿಸಿದರು.