ಸೋಲಾರ್ ಹಾಕಿಸೋದೋ, ಕಾರ್ಬನ್ ಕ್ರೆಡಿಟ್ ಕೊಳ್ಳೋದೋ?

ಶಿವಮೊಗ್ಗದಲ್ಲಿ ಫೌಂಡ್ರಿಯೋ ಅಕ್ಕಿ ಗಿರಣಿಯೋ ನಡೆಸುವವರು ಕೇಳಿದರೆ ನಾನು ಹೇಳುವುದು, ಮೊದಲು ನಿಮ್ಮ ಹೊಗೆ ಇಳಿಸಿ, ಉಳಿದದ್ದಕ್ಕಷ್ಟೇ ಕಾರ್ಬನ್ ಕ್ರೆಡಿಟ್, ಅಂದರೆ ಬೇರೆಯವರು ತಗ್ಗಿಸಿದ ಇಂಗಾಲದ ಲೆಕ್ಕವನ್ನು ದುಡ್ಡು ಕೊಟ್ಟು ಕೊಳ್ಳೋದು.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜನರೇಟರ್ ಓಡಿಸುವುದು ತಗ್ಗಿದಷ್ಟೂ ಲಾಭ. ಚಾವಣಿಗೆ ಸೋಲಾರ್ ಹಾಕಿಸಿದರೆ ಕರೆಂಟ್ ಬಿಲ್ಲೂ ಇಳಿಯುತ್ತದೆ. ಆದರೆ ದುಡ್ಡು ಮೊದಲೇ ಹಾಕಬೇಕು, ನಮ್ಮ ಮಳೆಗಾಲದಲ್ಲಿ ಉತ್ಪಾದನೆಯೂ ಕಡಿಮೆ.

ಕ್ರೆಡಿಟ್ ಸುಲಭ. ಒಂದು ಕ್ರೆಡಿಟ್ ಅಂದರೆ ಬೇರೆಲ್ಲೋ ತಗ್ಗಿದ ಒಂದು ಟನ್ ಇಂಗಾಲದ ಡೈಆಕ್ಸೈಡ್. ನಿಮ್ಮ ಚಿಮಣಿ ಮಾತ್ರ ಹಾಗೇ ಹೊಗೆ ಉಗುಳುತ್ತಿರುತ್ತದೆ! ಗಿಡಗಳು ಇಂಗಾಲ ಹೀರುತ್ತವೆ ಅಂತ ಕ್ರೆಡಿಟ್ ಮಾರುವವರು ಗಿಡ ನೆಟ್ಟ ಲೆಕ್ಕ ತೋರಿಸಿದರೆ ಸುಮ್ನೆ ಒಪ್ಪಬೇಡಿ, ಯಾವ ಗಿಡ, ಎಷ್ಟು ವರ್ಷ ಉಳಿಯುತ್ತದೆ ಅಂತ ಕೇಳಿ. ಅಕೇಶಿಯಾ ತೋಪು ಮಲೆನಾಡಿನ ಕಾಡಲ್ಲ, ಅಲ್ವಾ? ಕಡಿದು ಕಾಗದಕ್ಕೋ ಸೌದೆಗೋ ಕಳಿಸಿದರೆ ಅದರ ಇಂಗಾಲ ಮತ್ತೆ ಗಾಳಿಗೇ.