ಐದು ವರ್ಷ ಸ್ಟೀಮ್ ಬಳಸಿದ ಮೇಲೆ: ಅಂಗಡಿ ಚೆನ್ನಾಗಿದೆ, ಸಾಮಾನೇ ಸರಿಯಿಲ್ಲ

ಊರು ಮೈಸೂರು, ಕುವೆಂಪುನಗರ. ಯಂತ್ರ: ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, 1 ಟಿಬಿ ಎಸ್‌ಎಸ್‌ಡಿ. ಲೈನ್ 100 ಎಂಬಿಪಿಎಸ್ ಫೈಬರ್. ಸ್ಟೀಮ್ ಅನ್ನೋ ಈ ಆನ್‌ಲೈನ್ ಪಿಸಿ ಗೇಮ್ ಅಂಗಡಿಗೆ 5ಕ್ಕೆ 4. ಅಲ್ಲಿ ಮಾರೋ ಹೊಸ ದೊಡ್ಡ ಗೇಮ್‌ಗಳಿಗೆ 5ಕ್ಕೆ 2, ಅದೂ ಕೈ ಸಡಿಲ ಬಿಟ್ಟು ಕೊಟ್ಟಿದ್ದು.

ಸ್ಟೀಮ್ ಮೇಲೆ ದೊಡ್ಡ ತಕರಾರಿಲ್ಲ. ಬೆಲೆ ರೂಪಾಯಿಯಲ್ಲಿದೆ, ಯುಪಿಐ ನಡೆಯುತ್ತೆ, ಬೇಡ ಅಂದರೆ ದುಡ್ಡು ವಾಪಸ್ ಬರುತ್ತೆ. 2024ರಿಂದ ಮನೆಯ ಆರು ಜನ ಒಂದೇ ಗುಂಪು ಮಾಡಿಕೊಂಡು ಗೇಮ್ ಹಂಚಿಕೊಳ್ಳಬಹುದು. ಆದರೆ ನಿಮ್ಮ ಗೇಮಲ್ಲಿ ನಿಮ್ಮ ತಮ್ಮ ಮೋಸದ ಸಾಫ್ಟ್‌ವೇರ್ (ಚೀಟ್) ಹಾಕಿ ಸಿಕ್ಕಿಬಿದ್ದರೆ ಬ್ಯಾನ್ ನಿಮಗೂ ಬೀಳುತ್ತೆ, ಮೊದಲೇ ಹೇಳಿಡಿ. ತೊಂದರೆ ಇರೋದು ಸಾಮಾನಲ್ಲಿ. ಬೇಯೋ ತನಕ ಇದ್ದೋರು ಆರೋ ತನಕ ಇರಲಾರರೇ ಅನ್ನೋ ಗಾದೆ ಗೊತ್ತಲ್ಲ, ಇಲ್ಲಿ ಬೇಯೋಕೆ ಮುಂಚೆನೇ ಎಲೆಗೆ ಬಡಿಸಿ ನಾಲ್ಕೈದು ಸಾವಿರ ಕೇಳ್ತಾರೆ.

ಮೊದಲ ಕಾಟ ಶೇಡರ್. ಬೆಳಕು, ನೆರಳು, ನೀರಿನ ಹೊಳಪು ಹೇಗೆ ಮೂಡಬೇಕು ಅಂತ ಗ್ರಾಫಿಕ್ಸ್ ಕಾರ್ಡಿಗೆ ಹೇಳೋ ಸಣ್ಣಸಣ್ಣ ಪ್ರೋಗ್ರಾಮ್‌ಗಳು ಇವು. ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗಳಲ್ಲಿ ಒಂದೇ ಬಗೆಯ ಚಿಪ್ ಇರೋದರಿಂದ ಕಂಪನಿಯವರೇ ತಯಾರು ಮಾಡಿ ಕಳಿಸ್ತಾರೆ. ಪಿಸಿಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರ್ಡ್, ಒಂದೊಂದು ಡ್ರೈವರ್. ಹಾಗಾಗಿ ಆ ಕೆಲಸ ನಿಮ್ಮ ಯಂತ್ರದ ಮೇಲೇ ಬೀಳುತ್ತೆ. ಒಳ್ಳೆಯ ಗೇಮ್ ಇದನ್ನ ಶುರುವಿನಲ್ಲೇ ಮುಗಿಸುತ್ತೆ. ಆರು ಕೋರ್‌ನ ಪ್ರೊಸೆಸರ್‌ನಲ್ಲಿ ಹತ್ತರಿಂದ ಮೂವತ್ತು ನಿಮಿಷ, ಫ್ಯಾನ್ ಗುಯ್ ಅಂತಿರುತ್ತೆ. ಸೋಮಾರಿ ಗೇಮ್ ಆಡೋವಾಗಲೇ ಮಾಡುತ್ತೆ. ಬಾಗಿಲು ತೆಗೆದಿರಿ, ಜರ್ಕ್. ಬೆಂಕಿ ಹೊತ್ತಿತು, ಜರ್ಕ್. 60 ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರ (ಫ್ರೇಮ್) ಮೂಡೋವಾಗ, ಒಂದು ಫ್ರೇಮಿಗೆ ಸಿಗೋದು 16.7 ಮಿಲಿಸೆಕೆಂಡ್. ಶೇಡರ್‌ಗೋಸ್ಕರ ಒಂದು ಫ್ರೇಮ್ 100 ಮಿಲಿಸೆಕೆಂಡ್ ನಿಂತರೆ ಆರು ಫ್ರೇಮ್ ಹೋದ ಹಾಗೆ. ಮೂಲೆಯಲ್ಲಿರೋ ಸರಾಸರಿ ಅಂಕಿ ಮಾತ್ರ ಇನ್ನೂ 58, 59 ಅಂತ ನಗ್ತಾ ಇರುತ್ತೆ. ಅದನ್ನ ನಂಬಬೇಡಿ, ಫ್ರೇಮ್ ಟೈಮ್ ಗ್ರಾಫ್ ಹಾಕಿ ನೋಡಿ: ಗೆರೆ ಸಪಾಟಾಗಿರಬೇಕು, ಮುಳ್ಳು ಏಳಬಾರದು. ಡ್ರೈವರ್ ಅಪ್‌ಡೇಟ್ ಮಾಡಿದರೆ ಸಾಮಾನ್ಯವಾಗಿ ಇಡೀ ಪುರಾಣ ಮೊದಲಿಂದ.

ಈಗ ದುಡ್ಡಿನ ವಿಷಯ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ವಾಪಸ್ ಕೊಡುತ್ತೆ. ಆ ಗಡಿಯಾರ ಗೇಮ್ ತೆರೆದ ಕ್ಷಣದಿಂದ ಓಡುತ್ತೆ, ಶೇಡರ್ ತಯಾರಿಯ ಪಟ್ಟಿ (ಪ್ರೋಗ್ರೆಸ್ ಬಾರ್) ತುಂಬ್ತಾ ಇದ್ದರೂ ಸರಿ, ಮೆನು ಬಿಟ್ಟು ನೀವು ಕಾಫಿಗೆ ಹೋದರೂ ಸರಿ. 2023ರ ಮಾರ್ಚ್ 28ಕ್ಕೆ ಪಿಸಿಗೆ ಬಂದ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ರಲ್ಲಿ ಎಷ್ಟೋ ಜನರ ರಿಫಂಡ್ ಸಮಯವನ್ನ ಈ ಪಟ್ಟಿಯೇ ನುಂಗಿತ್ತು. ಆದ್ದರಿಂದ ಹೊಸ ಗೇಮನ್ನ ಪುರುಸೊತ್ತಿನ ದಿನ ತೆರೆಯಿರಿ. ಮೊಬೈಲಲ್ಲಿ 90 ನಿಮಿಷದ ಅಲಾರಂ ಇಡಿ. ಕಟ್-ಸೀನ್ (ನಡುವೆ ಬರೋ ಕಥೆಯ ವಿಡಿಯೋ) ನೆಗೆದು ಜನ ಹೆಚ್ಚಿರೋ ಜಾಗಕ್ಕೆ, ಪೇಟೆಗೋ ದೊಡ್ಡ ಜಗಳಕ್ಕೋ, ಬೇಗ ಹೋಗಿ. ಮೊದಲ ಗುಹೆ ಯಾವತ್ತೂ ಚೆನ್ನಾಗೇ ಓಡುತ್ತೆ. ವಾಪಸ್ ಬರೋ ದುಡ್ಡನ್ನ ಸ್ಟೀಮ್ ವಾಲೆಟ್‌ಗೆ ತಗೊಂಡರೆ ಅದು ಮತ್ತೆ ಬ್ಯಾಂಕಿಗೆ ಬರಲ್ಲ, ನೋಡಿ ಒತ್ತಿ.

ಎರಡನೆಯ ಕಾಟ ಗಾತ್ರ. 120 ಜಿಬಿ ಗೇಮ್ 100 ಎಂಬಿಪಿಎಸ್ ಲೈನಲ್ಲಿ ಲೆಕ್ಕದ ಪ್ರಕಾರ 2 ಗಂಟೆ 40 ನಿಮಿಷ. ಅದು ಒಂದು ಸಲದ ಕೆಲಸ, ರಾತ್ರಿ ಹಾಕಿ ಮಲಗಬಹುದು. ಗೋಳು ಹೊಯ್ಕೊಳ್ಳೋದು ಅಪ್‌ಡೇಟ್. ಸ್ಟೀಮ್ ಫೈಲುಗಳನ್ನ ಸುಮಾರು 1 ಎಂಬಿ ತುಂಡು ಮಾಡಿ, ಬದಲಾದ ತುಂಡು ಮಾತ್ರ ಇಳಿಸುತ್ತೆ. ಗೇಮ್ ಮಾಡಿದೋರು ಎಲ್ಲವನ್ನೂ 60 ಜಿಬಿಯ ಒಂದೇ ಗಂಟು ಕಟ್ಟಿಟ್ಟಿದ್ದರೆ, 3 ಜಿಬಿ ಬದಲಾವಣೆಗೂ ಆ ಇಡೀ ಗಂಟನ್ನ ಡಿಸ್ಕಿನಲ್ಲಿ ಹಳೆಯದರ ಪಕ್ಕ ಹೊಸದಾಗಿ ಕಟ್ಟಬೇಕು. ಡೌನ್‌ಲೋಡ್ ಐದೇ ನಿಮಿಷಕ್ಕೆ ಮುಗಿದು ಆಮೇಲೆ ‘ಪ್ಯಾಚಿಂಗ್’ ಅಂತ ಅಲ್ಲೇ ಕೂತಿದ್ದರೆ ಕಾರಣ ಇದು. ಹಳೆಯ ಹಾರ್ಡ್ ಡಿಸ್ಕಾದರೆ ಅವತ್ತಿನ ಆಟ ಮರೆತುಬಿಡಿ. ಜಾಗ ಸಾಲದು ಅಂತ ಬರೋದೂ ಇದಕ್ಕೇ. 1 ಟಿಬಿ ಅಂತ ಕೊಂಡ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ. ಅದರಲ್ಲಿ 150 ಜಿಬಿ ಯಾವಾಗಲೂ ಖಾಲಿ ಬಿಡಿ. ವಿಂಡೋಸ್ ಮತ್ತು ಬೇರೆ ಫೈಲು ಕಳೆದರೆ ದೊಡ್ಡ ಗೇಮ್ ಐದು ಹಿಡಿದರೆ ಹೆಚ್ಚು.

ಪ್ಯಾಚಿಂಗ್ ನಡುವೆ ಕರೆಂಟ್ ಹೋದರೆ ಫೈಲ್ ಕೆಡಬಹುದು. ಮಳೆಗಾಲದಲ್ಲಿ ಕರೆಂಟ್ ಕಂಪನಿ ಸೆಸ್ಕ್‌ನವರನ್ನ ನಂಬಿ ಕೂರೋದಕ್ಕಿಂತ ಅಪ್‌ಡೇಟ್ ಸಮಯವನ್ನ ಡೌನ್‌ಲೋಡ್ ಸೆಟ್ಟಿಂಗ್‌ನಲ್ಲಿ ಬೆಳಗಿನ ಜಾವಕ್ಕೆ ಕಟ್ಟಿಹಾಕಿ. 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್. ಈ ಯಂತ್ರ, ಮಾನಿಟರ್ ಸೇರಿ ಆಡೋವಾಗ ಹತ್ತಿರತ್ತಿರ 300 ಎಳೆಯುತ್ತೆ. ಸೇವ್ ಮಾಡಿ ಆಫ್ ಮಾಡೋಷ್ಟು ಹೊತ್ತು ಸಿಗುತ್ತೆ, ಅಷ್ಟೆ. ರೂಟರ್‌ಗೆ ಬೇರೆ 12 ವೋಲ್ಟ್ ಪುಟ್ಟ ಯುಪಿಎಸ್ ಹಾಕಿ. ಕೆಟ್ಟರೆ ಗೇಮ್ ಪ್ರಾಪರ್ಟೀಸ್‌ನಲ್ಲಿ ಫೈಲ್ ವೆರಿಫೈ ಒತ್ತಿ, ಹಾಳಾದ ತುಂಡು ಮಾತ್ರ ಮತ್ತೆ ಇಳಿಯುತ್ತೆ.

ಇಷ್ಟೆಲ್ಲ ಮಾಡಿ ಕೊಂಡಿದ್ದು ನಿಮ್ಮದಾ? ಅಲ್ಲ. 2024ರ ಅಕ್ಟೋಬರ್‌ನಿಂದ ಸ್ಟೀಮೇ ಕಾರ್ಟಲ್ಲಿ ಬರೆದಿದೆ, ನೀವು ಕೊಳ್ಳೋದು ಪರವಾನಗಿ ಮಾತ್ರ ಅಂತ. ಯೂಬಿಸಾಫ್ಟ್‌ನ ‘ದ ಕ್ರೂ’ 2014ರಲ್ಲಿ ಬಂದ ಕಾರ್ ಗೇಮ್. ಒಬ್ಬರೇ ಆಡಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು, ಡಿಸ್ಕ್ ಇಟ್ಟುಕೊಂಡವರಿಗೂ ಗೇಮ್ ಹೋಯಿತು. ಮಾರಿದ ಗೇಮನ್ನ ಹೀಗೆ ಕೊಲ್ಲಬೇಡಿ ಅನ್ನೋ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿದ್ದು ಅಲ್ಲಿಂದ. ಯುರೋಪಿನಲ್ಲಿ ಅವರ ಮನವಿಗೆ 2025ರ ಜುಲೈಯಲ್ಲಿ 10 ಲಕ್ಷ ಸಹಿ ದಾಟಿತು. ನಮ್ಮ ಕೈಲಿ ಆಗೋದು ಇಷ್ಟು: ಅಂಗಡಿ ಪುಟದ ಬಲಗಡೆ ಪೆಟ್ಟಿಗೆಗಳನ್ನ ಓದಿ. ಬೇರೆ ಕಂಪನಿಯ ಖಾತೆ ಬೇಕು, ಡಿನೂವೋ (ನಕಲು ತಡೆಯೋ ಬೀಗ) ಇದೆ, ದಿನಕ್ಕೆ 5 ಯಂತ್ರದ ಮಿತಿ ಇದೆ ಅನ್ನೋದೆಲ್ಲ ಅಲ್ಲಿ ಬರೆದಿರುತ್ತೆ. ಕೊಂಡ ಮೇಲೆ, ಆ ಎರಡು ಗಂಟೆ ಮುಗಿಯೋ ಮೊದಲು, ನೆಟ್ ಕೇಬಲ್ ಕಿತ್ತು ಸ್ಟೀಮನ್ನ ಆಫ್‌ಲೈನ್‌ಗೆ ಹಾಕಿ ಗೇಮ್ ತೆರೆದು ನೋಡಿ. ಒಬ್ಬರೇ ಆಡೋ ಕಥೆಯೂ ಮೆನು ದಾಟದಿದ್ದರೆ ವಾಪಸ್ ಮಾಡಿ.

ಗೇಮಿನೊಳಗಿನ ಅಂಗಡಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2006ರಲ್ಲಿ ‘ಆಬ್ಲಿವಿಯನ್’ ಗೇಮ್‌ನವರು ಆಟದೊಳಗಿನ ಕುದುರೆಗೆ ಕವಚ ಮಾರಿದಾಗ ಜನ ನಕ್ಕಿದ್ದರು. ಈಗ ಒಂದೊಂದು ಉಡುಪಿನ ಬೆಲೆ ನೋಡಿದರೆ ದಸರಾ ಪಟ್ಟದ ಕುದುರೆಗೇ ಅಲಂಕಾರ ಮಾಡಿಸಬಹುದು ಅನ್ನಿಸುತ್ತೆ. ನಾಣ್ಯದ ಆಟ ಮಾತ್ರ ಗಮನಿಸಿ: ಉಡುಪಿಗೆ 800 ನಾಣ್ಯ, ಮಾರೋದು 500 ಇಲ್ಲ 1,100ರ ಕಟ್ಟು. ಹೇಗೆ ಕೊಂಡರೂ ಚಿಲ್ಲರೆ ಉಳಿದೇ ಉಳಿಯುತ್ತೆ, ಆ ಚಿಲ್ಲರೆಯೇ ಮುಂದಿನ ಗಾಳ.

ಯಾವಾಗ ಕೊಳ್ಳೋದು? ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ಕ್ಕೆ ಬಂತು; ಎಷ್ಟು ಕೆಟ್ಟಿತ್ತೆಂದರೆ ಸೋನಿ ತನ್ನ ಅಂಗಡಿಯಿಂದ ಸುಮಾರು ಒಂದು ವಾರಕ್ಕೇ ತೆಗೆಯಿತು. 2.0 ಅಪ್‌ಡೇಟ್ ಬಂದಿದ್ದು 2023ರ ಸೆಪ್ಟೆಂಬರ್‌ಗೆ. ಪೂರ್ತಿ ದುಡ್ಡು ಕೊಟ್ಟೋರು ತಪ್ಪು ಹುಡುಕಿಕೊಟ್ಟರು, ಕಾದೋರು ಸೇಲಲ್ಲಿ ಸರಿಯಾದ ಗೇಮ್ ಆಡಿದರು. ಸಯ್ಯಾಜಿರಾವ್ ರಸ್ತೆಯಲ್ಲಿ ಆಷಾಢ ಸೇಲ್ ಬೋರ್ಡ್ ಏಳೋ ಆಸುಪಾಸಲ್ಲೇ ಸ್ಟೀಮ್ ಬೇಸಿಗೆ ಸೇಲೂ ಬರುತ್ತೆ. ಗೇಮನ್ನ ವಿಶ್‌ಲಿಸ್ಟ್‌ಗೆ ಹಾಕಿಡಿ, ಬೆಲೆ ಇಳಿದರೆ ಅದೇ ಮೇಲ್ ಕಳಿಸುತ್ತೆ. ವಿಮರ್ಶೆಗಳಲ್ಲಿ ಒಟ್ಟು ಅಂಕಿ ಬಿಟ್ಟು ಇತ್ತೀಚಿನ 30 ದಿನದ್ದು ಓದಿ.

ಮಂಡ್ಯ ಕಡೆಯ ಹಳ್ಳಿಯಲ್ಲಿ ಲೈನ್ ನಿಧಾನ ಇರೋರು 120 ಜಿಬಿ ಮತ್ತೆ ಇಳಿಸಬೇಕಿಲ್ಲ. ಅದೇ ಗೇಮ್ ಇರೋ ಸ್ನೇಹಿತರ ಯಂತ್ರದಲ್ಲಿ ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಮನ್’ ಫೋಲ್ಡರ್‌ನಿಂದ ಗೇಮಿನ ಫೋಲ್ಡರನ್ನ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ. ಮನೆಗೆ ಬಂದು ನಿಮ್ಮ ಅದೇ ಜಾಗದಲ್ಲಿ, ಹೆಸರು ಒಂದಕ್ಷರ ಬದಲಿಸದೆ ಇಡಿ. ಆಮೇಲೆ ಇನ್‌ಸ್ಟಾಲ್ ಒತ್ತಿ. ಇರೋ ಫೈಲನ್ನ ಅದೇ ಗುರುತು ಹಿಡಿದು, ಕಡಿಮೆ ಬಿದ್ದಿದ್ದನ್ನಷ್ಟೇ ಇಳಿಸಿಕೊಳ್ಳುತ್ತೆ. ಕಾಪಿ ಮಾಡೋಕೆ ಮೊದಲು ಅವರ ಕಡೆ ಅಪ್‌ಡೇಟ್ ಮುಗಿದಿದೆಯಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಪ್ಯಾಚಿಂಗ್ ಕಾಯಬೇಕಾಗುತ್ತೆ.