ಆರ್‌ಎಕ್ಸ್-8 ಕೊಳ್ಳುವ ಮುಂಚೆ ಎಂಜಿನ್ ಬಿಸಿ ಇದ್ದಾಗ ಸ್ಟಾರ್ಟ್ ಮಾಡಿ ನೋಡಿ

ಇಂಗ್ಲೆಂಡಿನಲ್ಲಿರುವ ಕನ್ನಡದವರು ಯಾರಾದರೂ ಸೆಕೆಂಡ್ ಹ್ಯಾಂಡ್ ಮಾಜ್ದಾ ಆರ್‌ಎಕ್ಸ್-8 ಮೇಲೆ ಕಣ್ಣಿಟ್ಟಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ಚೆಂದದ ಕಾರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಮಾರಾಟಕ್ಕೆ ಬರುವ ಗಾಡಿಗಳಲ್ಲಿ ಎಂಜಿನ್ ಅರ್ಧ ಸತ್ತಿರುವಂಥವು ಬಹಳ ಇವೆ. ಅದನ್ನು ಮುಚ್ಚಿಟ್ಟು ಮಾರುವವರೂ ಇದ್ದಾರೆ. ನನಗೆ ಮಾರಿದವನು ಅಂಥವನೇ.

ಈ ಕಾರು ನಮ್ಮಂಥವರ ಕಣ್ಣಿಗೆ ಯಾಕೆ ಬೀಳುತ್ತದೆ ಅಂತ ನನಗೆ ಗೊತ್ತು. ನಮ್ಮೂರಿನ ಶೋರೂಮುಗಳಿಗೆ ಇದು ಬರಲೇ ಇಲ್ಲ. ಇಲ್ಲಿ ಬಂದು ಕೆಲಸಕ್ಕೆ ಸೇರಿ, ಮನೆ ಬಾಡಿಗೆಯೆಲ್ಲ ಕಳೆದು ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯುವ ಹೊತ್ತಿಗೆ, ಹಳೆಯ ಸಣ್ಣ ಕಾರಿನ ಬೆಲೆಗೆ ಒಂದು ನಿಜವಾದ ಸ್ಪೋರ್ಟ್ಸ್ ಕೂಪೆ ಕಾಣುತ್ತದೆ. ಅದರಲ್ಲೂ ಹಿಂದಿನ ಬಾಗಿಲುಗಳು ಹಿಮ್ಮುಖವಾಗಿ ತೆರೆಯುತ್ತವೆ, ನಡುವೆ ಕಂಬವೇ ಇಲ್ಲ. ಹಿಂದೆ ಇಬ್ಬರು ನಿಜವಾಗಿಯೂ ಕೂರಬಹುದು. ಮಕ್ಕಳನ್ನೂ ಕೂರಿಸಬಹುದು ಅಂತ ಮನೆಯಲ್ಲಿ ಒಪ್ಪಿಸುವುದಕ್ಕೆ ಅಷ್ಟು ಸಾಕು ಅಲ್ವಾ?

ಬೆಲೆ ಇಷ್ಟು ಕಡಿಮೆ ಇರುವುದಕ್ಕೆ ಕಾರಣ ಬಾನೆಟ್ ಕೆಳಗಿದೆ. ಈ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ಎರಡು ರೋಟರ್‌ಗಳು ತಮ್ಮ ತಮ್ಮ ಕೋಣೆಯೊಳಗೆ ಸುತ್ತುತ್ತವೆ, ಅದಕ್ಕೇ ಇದನ್ನು ರೋಟರಿ ಎಂಜಿನ್ ಅನ್ನುತ್ತಾರೆ. ಒಂದೊಂದು 654 ಸಿಸಿ, ಒಟ್ಟು 1.3 ಲೀಟರ್. ಇಲ್ಲಿ ಮಾರಿದ್ದು ಎರಡು ಬಗೆ, 192 ಅಶ್ವಶಕ್ತಿಯದ್ದು ಮತ್ತು 231ರದ್ದು. ಎರಡನೆಯದು 9,000 ಆರ್‌ಪಿಎಂ ತನಕ ಸಲೀಸಾಗಿ ಏರುತ್ತದೆ. 2003ರಲ್ಲಿ ಈ ಎಂಜಿನ್ನಿಗೆ ಇಂಟರ್‌ನ್ಯಾಷನಲ್ ಎಂಜಿನ್ ಆಫ್ ದಿ ಇಯರ್ ಪ್ರಶಸ್ತಿ ಬಂತು. ಓಡಿಸಿದವರಿಗೆ ಅದು ಯಾಕೆ ಅಂತ ತಾನೇ ಗೊತ್ತಾಗುತ್ತದೆ.

ತೊಂದರೆ ಇರುವುದು ಸೀಲುಗಳಲ್ಲಿ. ರೋಟರಿನ ಪ್ರತಿ ಮೂಲೆಯ ತುದಿಯಲ್ಲೂ ಒಂದು ಸೀಲು ಇರುತ್ತದೆ, ಅಪೆಕ್ಸ್ ಸೀಲು ಅನ್ನುತ್ತಾರೆ. ಪಕ್ಕಗಳಲ್ಲಿ ಇನ್ನಷ್ಟು ಸೀಲುಗಳು. ಒಳಗಿನ ಒತ್ತಡವನ್ನು ಹಿಡಿದಿಡುವುದು ಇವೇ. ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ಎಷ್ಟು ಉರಿ ಕೊಟ್ಟರೂ ವಿಶಲ್ ಬರುವುದಿಲ್ಲವಲ್ಲ, ಹಾಗೆಯೇ ಸೀಲು ಸವೆದ ಎಂಜಿನ್ನಿನಲ್ಲಿ ಕಂಪ್ರೆಷನ್, ಅಂದರೆ ಆ ಒತ್ತಡ, ನಿಲ್ಲುವುದಿಲ್ಲ. ಕಂಪ್ರೆಷನ್ ಇಲ್ಲದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅಮೆರಿಕದಲ್ಲಿ ಕಂಪನಿಯೇ ಈ ರೋಟರಿ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಯವರೆಗೆ ಹೆಚ್ಚಿಸಬೇಕಾಯಿತು. ಅಂದರೆ ಇದು ಯಾರೋ ಒಬ್ಬಿಬ್ಬರಿಗೆ ಆದ ತೊಂದರೆಯಲ್ಲ.

ಮೋಸ ನಡೆಯುವುದು ಹೀಗೆ. ಸೀಲು ಪೂರ್ತಿ ಹಾಳಾಗದೆ ಅರ್ಧ ಸವೆದ ಎಂಜಿನ್ ತಣ್ಣಗಿದ್ದಾಗ ಆರಾಮಾಗಿ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಮಾತ್ರ ಒದ್ದಾಡುತ್ತದೆ. ಹಾಗಾಗಿ ಮಾರುವವನು ನೀವು ಬರುವಾಗ ಗಾಡಿ ತಣ್ಣಗಿರುವ ಹಾಗೆ ನೋಡಿಕೊಳ್ಳುತ್ತಾನೆ. ನನಗೆ ಮಾರಿದ ಡೀಲರ್ ಮಾಡಿದ್ದೂ ಅದನ್ನೇ. ಬರ್ಮಿಂಗ್‌ಹ್ಯಾಮಿನ ಹೊರಗೆ ಅವನದೊಂದು ಸಣ್ಣ ಯಾರ್ಡು. ಕೆಂಪು ಬಣ್ಣದ 2005ರ ಗಾಡಿ. ನನ್ನ ಕೈಗೆ ಕೀ ಕೊಟ್ಟ, ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಟೆಸ್ಟ್ ಡ್ರೈವಿನಲ್ಲಿ ದನಿ, ಎಳೆತ, ಗೇರು ಎಲ್ಲ ಸರಿಯಾಗಿತ್ತು. ತಿರುಗಿ ಬಂದ ಮೇಲೂ ಅವನು ಎಂಜಿನ್ ಆಫ್ ಮಾಡಲು ಬಿಡಲಿಲ್ಲ. 'ಓಡುತ್ತಾ ಇರಲಿ, ಕೇಳಿ ಎಷ್ಟು ನುಣುಪಾಗಿದೆ' ಅಂದ. ಆ ಮಾತಿನ ಅರ್ಥ ಅದೇ ಸಂಜೆ ಗೊತ್ತಾಯಿತು. ಮೋಟರ್‌ವೇ ಸರ್ವೀಸಸ್‌ನಲ್ಲಿ ಪೆಟ್ರೋಲ್ ಹಾಕಿಸಿ ಕೀ ತಿರುಗಿಸಿದರೆ, ಸ್ಟಾರ್ಟರ್ ಮೋಟರ್ ಗಿರಗಿರ ತಿರುಗುತ್ತದೆ, ಎಂಜಿನ್ ಹತ್ತಿಕೊಳ್ಳುವುದಿಲ್ಲ. ಪಂಪ್ ಹತ್ತಿರ ಹಿಂದೆ ಗಾಡಿಗಳ ಸಾಲು. ಹೆಂಡತಿ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಕೂತಳು. ಬ್ರೇಕ್‌ಡೌನ್ ವ್ಯಾನ್ ಬರುವ ಹೊತ್ತಿಗೆ ಕತ್ತಲಾಗಿತ್ತು, ಎಂಜಿನ್ ತಣ್ಣಗಾಗಿತ್ತು. ಆಗ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್ ಆಯಿತು.

ಡೀಲರಿಗೆ ಫೋನ್ ಮಾಡಿದರೆ, 'ಬ್ಯಾಟರಿ ಇರಬೇಕು' ಅಂದ. ಆಮೇಲೆ, 'ರೋಟರಿ ಅಂದ್ರೆ ಹಾಗೇನೇ ಮೇಟ್, ಎಲ್ಲಾ ಆರ್‌ಎಕ್ಸ್-8 ಹೀಗೇ ಮಾಡುತ್ತವೆ' ಅಂದ. ಅದು ಸುಳ್ಳು. ಎಂಜಿನ್ ಚೆನ್ನಾಗಿರುವ ಆರ್‌ಎಕ್ಸ್-8 ಬಿಸಿಯಿರಲಿ ತಣ್ಣಗಿರಲಿ, ಒಂದೆರಡು ಸೆಕೆಂಡಿನಲ್ಲಿ ಹತ್ತಿಕೊಳ್ಳಬೇಕು.

ರೋಟರಿ ಕೆಲಸವನ್ನೇ ಮಾಡುವ ಗ್ಯಾರೇಜಿಗೆ ಒಯ್ದು ಕಂಪ್ರೆಷನ್ ಟೆಸ್ಟ್ ಮಾಡಿಸಿದೆ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ. ಸಾಮಾನ್ಯ ಗ್ಯಾರೇಜಿನ ಕಂಪ್ರೆಷನ್ ಗೇಜ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಂದೊಂದು ರೋಟರಿನಲ್ಲೂ ಮೂರು ಮುಖ ಇರುತ್ತವೆ. ಮಾಮೂಲಿ ಗೇಜ್ ಮೂರರಲ್ಲಿ ಹೆಚ್ಚು ಒತ್ತಡ ಇರುವ ಒಂದೇ ಮುಖದ ಅಂಕಿಯನ್ನು ಹಿಡಿದುಕೊಂಡು ತೋರಿಸುತ್ತದೆ. ಉಳಿದ ಎರಡು ಸತ್ತಿದ್ದರೂ ಗೊತ್ತಾಗುವುದಿಲ್ಲ. ರೋಟರಿ ಎಂಜಿನ್ನಿಗೇ ಅಂತ ಬೇರೆ ಟೆಸ್ಟರ್ ಇದೆ. ಅದು ಎರಡು ರೋಟರಿನ ಮೂರು ಮೂರು ಮುಖಗಳಿಗೆ ಬೇರೆ ಬೇರೆಯಾಗಿ, ಒಟ್ಟು ಆರು ಅಂಕಿ ಕೊಡುತ್ತದೆ. ಎಂಜಿನ್ 250 ಆರ್‌ಪಿಎಂನಲ್ಲಿ ತಿರುಗುವಾಗ ಯಾವ ಮುಖವೂ 680 ಕಿಲೋಪ್ಯಾಸ್ಕಲ್, ಅಂದರೆ ಸುಮಾರು 6.8 ಬಾರ್‌ಗಿಂತ ಕೆಳಗೆ ಇಳಿಯಬಾರದು. ಒಂದೇ ರೋಟರಿನ ಮುಖಗಳ ನಡುವೆ 150 ಕಿಲೋಪ್ಯಾಸ್ಕಲ್‌ಗಿಂತ ಜಾಸ್ತಿ ವ್ಯತ್ಯಾಸವೂ ಇರಬಾರದು.

ಆ 250 ಅನ್ನುವ ಅಂಕಿಯನ್ನು ಮರೆಯಬೇಡಿ. ಸ್ಟಾರ್ಟರ್ ಮೋಟರ್ ಜೋರಾಗಿ ತಿರುಗಿಸಿದರೆ ಒತ್ತಡದ ಅಂಕಿ ತಾನಾಗಿ ಮೇಲೇರುತ್ತದೆ. ಅದಕ್ಕೇ ರಿಪೋರ್ಟಿನಲ್ಲಿ ಟೆಸ್ಟ್ ಮಾಡಿದಾಗಿನ ಆರ್‌ಪಿಎಂ ಬರೆದಿರಬೇಕು, ಅಂಕಿಗಳನ್ನು 250ಕ್ಕೆ ಸರಿಹೊಂದಿಸಿರಬೇಕು. ಆರ್‌ಪಿಎಂ ಇಲ್ಲದ ರಿಪೋರ್ಟನ್ನು ನಂಬಬೇಡಿ. ನನ್ನ ಗಾಡಿಯಲ್ಲಿ ಹಿಂದಿನ ರೋಟರಿನ ಎರಡು ಮುಖ ಮಿತಿಗಿಂತ ತುಂಬಾ ಕೆಳಗಿದ್ದವು. ಮೆಕ್ಯಾನಿಕ್ ಗಾಡಿಯ ಕೆಳಗೆ ದೀಪ ಹಿಡಿದು ಇನ್ನೊಂದು ತೋರಿಸಿದ. ಸುತ್ತಲೂ ಇರುವುದೆಲ್ಲ ಹಳೆಯದು, ಕೊಳೆ ಹಿಡಿದದ್ದು. ಸ್ಟಾರ್ಟರ್ ಮೋಟರ್ ಮಾತ್ರ ಹೊಚ್ಚ ಹೊಸದು, ಅದೂ ಹೆಚ್ಚು ವೇಗದ್ದು. ಸವೆದ ಎಂಜಿನ್ನನ್ನು ಇನ್ನು ಕೆಲವು ದಿನ ಸ್ಟಾರ್ಟ್ ಆಗುವ ಹಾಗೆ ಮಾಡಲು, ಮಾರುವ ಮುಂಚೆ ಹೀಗೆ ಹಾಕುತ್ತಾರಂತೆ. ಜಾಹೀರಾತಿನಲ್ಲಿ 'ಹೊಸ ಸ್ಟಾರ್ಟರ್, ಹೊಸ ಬ್ಯಾಟರಿ' ಅಂತ ಕಂಡರೆ ಖುಷಿಪಡಬೇಡಿ. ಯಾಕೆ ಹಾಕಿದಿರಿ ಅಂತ ಕೇಳಿ.

ಎಂಜಿನ್ ಬಿಚ್ಚಿ ಸರಿಮಾಡಲು ಅವರು ಹೇಳಿದ ಖರ್ಚು ನಾನು ಕಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಇತ್ತು. ಈ ಲೆಕ್ಕ ಸಾಮಾನ್ಯವಾಗಿ ಹೀಗೇ ಇರುತ್ತದೆ, ಕೆಲವು ಸಾವಿರ ಪೌಂಡಿನ ಮಾತು.

ಸೀಲು ಹಾಳಾಗುವುದು ಒಂದೇ ದಿನದಲ್ಲಲ್ಲ. ಅದಕ್ಕೆ ಒಂದು ದಾರಿ ಇದೆ, ಕೊಳ್ಳುವವರಿಗೆ ಅದು ಗೊತ್ತಿರಬೇಕು. ಎಂಜಿನ್ನಿಗೆ ಕಿಡಿ ಹೊತ್ತಿಸುವ ನಾಲ್ಕು ಪ್ಲಗ್‌ಗಳಿವೆ, ಅವುಗಳಿಗೆ ವಿದ್ಯುತ್ ಕೊಡುವ ನಾಲ್ಕು ಇಗ್ನಿಷನ್ ಕಾಯಿಲ್‌ಗಳಿವೆ. ಕಾಯಿಲ್‌ಗಳು ಸುಮಾರು 30–40 ಸಾವಿರ ಮೈಲಿಗೆ ಸುಸ್ತಾಗುತ್ತವೆ. ಆಗ ಕಿಡಿ ಸರಿಯಾಗಿ ಬರುವುದಿಲ್ಲ, ಸುಡದ ಪೆಟ್ರೋಲ್ ಸೀದಾ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಒಳಗೇ ಕರಗಿ ಕಟ್ಟಿಕೊಳ್ಳುತ್ತದೆ. ಹೊಗೆಗೆ ಹೊರಗೆ ದಾರಿ ಇಲ್ಲದೆ ಬಿಸಿ ಎಂಜಿನ್ನಿನಲ್ಲೇ ನಿಲ್ಲುತ್ತದೆ, ಸೀಲುಗಳು ಬೇಯುತ್ತವೆ. ಕಾಯಿಲ್ ಬದಲಾಯಿಸಲು ಕಂಜೂಸ್‌ತನ ಮಾಡಿದ ಹಿಂದಿನ ಮಾಲೀಕ ಎಂಜಿನ್ನನ್ನೇ ಕೊಂದಿರುತ್ತಾನೆ, ಬಿಲ್ಲು ಮಾತ್ರ ನಿಮ್ಮ ಹೆಸರಿಗೆ ಬರುತ್ತದೆ. ಹಾಗಾಗಿ ಕಾಯಿಲ್, ಪ್ಲಗ್ ಯಾವಾಗ ಬದಲಾಯಿತು ಅಂತ ರಸೀದಿ ಕೇಳಿ. ಓಡಿಸುವಾಗ 6,000 ಆರ್‌ಪಿಎಂ ದಾಟಿದ ಮೇಲೆ ಗಾಡಿ ಉಸಿರು ಕಟ್ಟಿದಂತೆ ಆಗುತ್ತಿದ್ದರೆ ಕನ್ವರ್ಟರ್ ಮೇಲೆ ಅನುಮಾನ ಇಟ್ಟುಕೊಳ್ಳಿ.

ಆಯಿಲ್ ವಿಷಯ. ಈ ಎಂಜಿನ್ ಆಯಿಲ್ ಕುಡಿಯುತ್ತದೆ, ಅದು ರೋಗವಲ್ಲ. ಸೀಲುಗಳಿಗೆ ಜಿಡ್ಡು ಬೇಕು ಅಂತ ಒಂದು ಪಂಪು ಸ್ವಲ್ಪ ಸ್ವಲ್ಪ ಆಯಿಲನ್ನು ಒಳಗೆ ಬಿಡುತ್ತದೆ, ಅದು ಪೆಟ್ರೋಲ್ ಜೊತೆ ಸುಟ್ಟು ಹೋಗುತ್ತದೆ. 2009ರ ಹೊಸ ರೂಪದಲ್ಲಿ ಪ್ರತಿ ರೋಟರಿಗೆ ಎರಡರ ಬದಲು ಮೂರು ಕಡೆ ಆಯಿಲ್ ಬಿಡುವ ಏರ್ಪಾಡು ಮಾಡಿದರು. ಅಷ್ಟರ ಮಟ್ಟಿಗೆ ಅವು ಮೇಲು, ಆದರೆ ಯೂರೋಪಿನಲ್ಲಿ ಮಾರಾಟ 2010ಕ್ಕೇ ನಿಂತದ್ದರಿಂದ ಕಾಣುವುದು ಕಡಿಮೆ. ಮಾರುವವನು 'ಇದು ಒಂದು ಹನಿ ಆಯಿಲೂ ಕುಡಿಯಲ್ಲ' ಅಂತ ಹೊಗಳಿದರೆ ಅಲ್ಲೇ ನಿಲ್ಲಿ. ಒಂದೋ ಅವನಿಗೆ ಈ ಕಾರು ಗೊತ್ತಿಲ್ಲ, ಇಲ್ಲವೇ ಆ ಪಂಪು ಕೆಲಸ ಮಾಡುತ್ತಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೂ ನಂಬಬೇಡಿ. ಅದು ನಡುವಿನಲ್ಲೇ ಕೂತಿರುತ್ತದೆ, ಮೇಲೇರುವ ಹೊತ್ತಿಗೆ ಎಂಜಿನ್ ಆಗಲೇ ಬೆಂದಿರುತ್ತದೆ. ಒಬಿಡಿ ಪೋರ್ಟಿಗೆ, ಅಂದರೆ ಗಾಡಿಯ ಕಂಪ್ಯೂಟರಿನ ಮಾಹಿತಿ ಸಿಗುವ ಕಿಂಡಿಗೆ, ಚುಚ್ಚುವ ಸಣ್ಣ ರೀಡರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಇದ್ದರೆ ನಿಜವಾದ ಉಷ್ಣತೆ ಮೊಬೈಲಿನಲ್ಲೇ ಕಾಣುತ್ತದೆ.

ಇನ್ನು ಎಂಒಟಿ, ಅಂದರೆ ಇಲ್ಲಿ ಹಳೆಯ ಗಾಡಿಗಳಿಗೆ ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ತಪಾಸಣೆ. 'ಪೂರ್ತಿ ಒಂದು ವರ್ಷದ ಎಂಒಟಿ ಇದೆ' ಅಂತ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುತ್ತಾರೆ. ಎಂಒಟಿಯಲ್ಲಿ ಬ್ರೇಕು, ದೀಪ, ಟೈರು, ಹೊಗೆ ಇಂಥವನ್ನು ನೋಡುತ್ತಾರೆಯೇ ಹೊರತು ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಒಳಗೆ ಹೇಗಿವೆ ಅಂತ ನೋಡುವುದಿಲ್ಲ. ಆದರೆ ಹಳೆಯ ಎಂಒಟಿ ದಾಖಲೆ ಬಂಗಾರ. ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ಪುಕ್ಕಟೆಯಾಗಿ ಸಿಗುತ್ತದೆ. ವರ್ಷ ವರ್ಷ ಎಷ್ಟು ಮೈಲಿ ಓಡಿದೆ, ಹೊಗೆಯಲ್ಲಿ ಫೇಲ್ ಆಗಿದೆಯಾ, ತುಕ್ಕಿನ ಬಗ್ಗೆ ಏನು ಬರೆದಿದ್ದಾರೆ ಎಲ್ಲ ನೋಡಿ. ಹೊಗೆಯಲ್ಲಿ ಫೇಲ್ ಆಗಿ ಮತ್ತೆ ಪಾಸಾಗಿದ್ದರೆ ಕಾಯಿಲ್, ಕನ್ವರ್ಟರಿನ ಕಥೆ ಅಲ್ಲೇ ಇರಬಹುದು. ಹಿಂಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ (ಸಿಲ್) ಬೆರಳಲ್ಲಿ ಒತ್ತಿ ನೋಡಿ, ತುಕ್ಕು ಮೊದಲು ಹಿಡಿಯುವುದು ಅಲ್ಲಿ.

ರಸ್ತೆ ತೆರಿಗೆಯನ್ನೂ ಒಮ್ಮೆ ನೋಡಿಕೊಳ್ಳಿ. 2006ರ ಮಾರ್ಚ್ 23ರಿಂದ ಈಚೆಗೆ ನೋಂದಣಿಯಾದ ಆರ್‌ಎಕ್ಸ್-8ಗಳು ಅತಿ ಹೆಚ್ಚಿನ ತೆರಿಗೆಯ ಸಾಲಿಗೆ ಬರುತ್ತವೆ. ಅದಕ್ಕೆ ಮುಂಚಿನವಕ್ಕೆ ತೆರಿಗೆ ಸಾಕಷ್ಟು ಕಡಿಮೆ.

ದುಡ್ಡು ವಾಪಸ್ ಪಡೆದ ವಿಷಯವನ್ನು ಹೇಳಲೇಬೇಕು, ಯಾಕಂದ್ರೆ ಹೊಸದಾಗಿ ಬಂದ ನಮ್ಮ ಜನ ಇಲ್ಲಿ ಸುಮ್ನೆ ಬಿಟ್ಟುಬಿಡುತ್ತಾರೆ. ವೀಸಾ ಮೇಲಿದ್ದೇವೆ, ಯಾಕೆ ಗಲಾಟೆ ಅಂತ ಹೆದರುತ್ತಾರೆ. ಹೆದರಬೇಡಿ. ನನ್ನ ಬಿಲ್ಲಿನ ಮೇಲೆ ಡೀಲರ್ 'ಇದ್ದ ಹಾಗೆ ಮಾರಿದ್ದು' ಅಂತ ಬರೆದಿದ್ದ. ವ್ಯಾಪಾರಿಯೊಬ್ಬ ಗ್ರಾಹಕನಿಗೆ ಮಾರುವಾಗ ಆ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಗಾಡಿಯಲ್ಲಿ ದೋಷ ಇದ್ದರೆ ಮೊದಲ 30 ದಿನದೊಳಗೆ ಗಾಡಿ ಹಿಂದಿರುಗಿಸಿ ಪೂರ್ತಿ ದುಡ್ಡು ಕೇಳಬಹುದು. ಆಮೇಲೆ ಆರು ತಿಂಗಳವರೆಗೆ ಕಂಡ ದೋಷ ಮೊದಲೇ ಇತ್ತು ಅಂತಲೇ ಲೆಕ್ಕ, ಇರಲಿಲ್ಲ ಅಂತ ತೋರಿಸಬೇಕಾದ್ದು ಡೀಲರ್. ಆದರೆ ಆಗ ಅವನಿಗೆ ಒಂದು ಸಲ ರಿಪೇರಿ ಮಾಡುವ ಅವಕಾಶ ಕೊಡಬೇಕು. ಫೋನಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಗಾಡಿ ಬೇಡ, ಹಿಂದಿರುಗಿಸುತ್ತಿದ್ದೇನೆ ಅಂತ ಬರವಣಿಗೆಯಲ್ಲೇ ಹೇಳಬೇಕು. ನಾನು ಟೆಸ್ಟ್ ರಿಪೋರ್ಟ್ ಜೊತೆಗಿಟ್ಟು ಪತ್ರ ಕಳಿಸಿದೆ. ಅವನು ಉತ್ತರಿಸಲಿಲ್ಲ.

ನನ್ನ ಕೈಹಿಡಿದದ್ದು ಕ್ರೆಡಿಟ್ ಕಾರ್ಡು. ಮುಂಗಡವನ್ನು ಅದರಲ್ಲಿ ಕೊಟ್ಟಿದ್ದೆ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 100 ಪೌಂಡಿಗಿಂತ ಮೇಲೆ 30,000 ಪೌಂಡಿನವರೆಗಿನ ವಸ್ತುವಿಗೆ ಒಂದು ಸಣ್ಣ ಭಾಗವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೂ ಪೂರ್ತಿ ಬೆಲೆಗೆ ಕಾರ್ಡ್ ಕಂಪನಿಯೂ ಹೊಣೆ. ಡೆಬಿಟ್ ಕಾರ್ಡಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ತಿಂಗಳುಗಟ್ಟಲೆ ಪತ್ರ ಬರೆದ ಮೇಲೆ ಕಾರಿನ ಬೆಲೆ ಬಂತು. ಇನ್ಶೂರೆನ್ಸ್, ಟೆಸ್ಟ್ ಫೀಜು, ಗಾಡಿ ಎಳೆಸಿದ ಖರ್ಚು ಬರಲಿಲ್ಲ. ಮನೆಯಲ್ಲಿ ಆ ದಿನಗಳಲ್ಲಿ ಹೋದ ನೆಮ್ಮದಿಯ ಲೆಕ್ಕವನ್ನು ಯಾರಿಗೆ ಕೊಡುವುದು.

ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ರಕ್ಷಣೆಯಲ್ಲಿ ಬಹುಪಾಲು ಇರುವುದಿಲ್ಲ. ಗಾಡಿ ಅವನು ಹೇಳಿದ ವಿವರದಂತೆ ಇರಬೇಕು, ಮಾರುವ ಹಕ್ಕು ಅವನಿಗಿರಬೇಕು, ಅಷ್ಟೇ. ಅದಕ್ಕೇ ಕೆಲವು ಡೀಲರ್‌ಗಳು ಸ್ವಂತ ಗಾಡಿ ಮಾರುವ ಖಾಸಗಿ ವ್ಯಕ್ತಿಯ ಹಾಗೆ ನಟಿಸಿ ಮಾರುತ್ತಾರೆ. ಲಾಗ್‌ಬುಕ್ಕಿನಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಇರುವ ಹೆಸರು, ವಿಳಾಸ, ಎದುರಿಗೆ ನಿಂತವನ ಹೆಸರು, ನೀವು ನಿಂತಿರುವ ಮನೆ, ಇವೆಲ್ಲ ಒಂದೇನಾ ಅಂತ ನೋಡಿ.

ಇಷ್ಟಾದ ಮೇಲೂ ಈ ಕಾರೇ ಬೇಕು ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ಹೊರಡುವ ಮುಂಚೆಯೇ ಫೋನಿನಲ್ಲಿ ಹೇಳಿಬಿಡಿ: ಬಿಸಿ ಮಾಡಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡುತ್ತೇನೆ, ಆಮೇಲೆ ರೋಟರಿ ಗ್ಯಾರೇಜಿನಲ್ಲಿ ಟೆಸ್ಟ್ ಮಾಡಿಸುತ್ತೇನೆ, ಫೀಜು ನನ್ನದೇ. ಒಪ್ಪದವನ ಮನೆಗೆ ಪೆಟ್ರೋಲ್ ಸುಟ್ಟುಕೊಂಡು ಹೋಗಬೇಡಿ. ಈಗಾಗಲೇ ಕೊಂಡವರು ಎರಡು ಸಲ ಪೆಟ್ರೋಲ್ ಹಾಕಿಸುವುದರೊಳಗೆ ಒಮ್ಮೆ ಆಯಿಲ್ ನೋಡಿ. ತೊಳೆಯಲೆಂದೋ, ದಾರಿ ಬಿಡಲೆಂದೋ ತಣ್ಣನೆಯ ಗಾಡಿಯನ್ನು ನಾಲ್ಕು ಅಡಿ ಸರಿಸಿ ತಕ್ಷಣ ಆಫ್ ಮಾಡಬೇಡಿ. ಪೆಟ್ರೋಲ್ ಪ್ಲಗ್‌ಗಳನ್ನು ತೋಯಿಸಿಬಿಡುತ್ತದೆ, ಮುಂದಿನ ಸಲ ಸ್ಟಾರ್ಟ್ ಆಗುವುದಿಲ್ಲ. ಹಾಗೆ ಆದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಕೀ ತಿರುಗಿಸಿ. ಆಗ ಪೆಟ್ರೋಲ್ ಬರುವುದು ನಿಲ್ಲುತ್ತದೆ, ಒಳಗೆ ತುಂಬಿದ್ದು ಹೊರಗೆ ಹೋಗುತ್ತದೆ. ಸ್ಟಾರ್ಟ್ ಆದ ಮೇಲೆ ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ, ಆಮೇಲೆ ಆಫ್ ಮಾಡಿ.